ಫೋನ್, ಫೈಬರ್, ಟಿ.ವಿ.: ಮನೆಯ ಮೂರು ಖರ್ಚುಗಳನ್ನು ತಗ್ಗಿಸುವುದು ಹೇಗೆ?

ದಾವಣಗೆರೆಯ ವಿದ್ಯಾನಗರದಂತಹ ಬಡಾವಣೆಯ ಸಾಧಾರಣ ಮನೆಯೊಂದರಲ್ಲಿ ಈಗ ಮೂರು ನಾಲ್ಕು ಮೊಬೈಲ್, ಒಂದು ಫೈಬರ್ ಸಂಪರ್ಕ, ಒಂದು ಕೇಬಲ್ ಅಥವಾ ಡಿಶ್, ಜೊತೆಗೆ ಒಂದೆರಡು ಒಟಿಟಿ (ಇಂಟರ್ನೆಟ್ ಮೂಲಕ ಸಿನಿಮಾ, ಧಾರಾವಾಹಿ ತೋರಿಸುವ ಆ್ಯಪ್) ಚಂದಾ ಇರುವುದು ಸಾಮಾನ್ಯ. ಇವುಗಳ ಹಣ ಬೇರೆ ಬೇರೆ ದಿನಗಳಂದು, ಬೇರೆ ಬೇರೆಯವರ ಖಾತೆಯಿಂದ ಹೋಗುವ ಕಾರಣ ಒಟ್ಟು ಎಷ್ಟಾಯಿತೆಂಬುದು ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ಮೊಬೈಲ್ ದರ ಏರಿಸಿದ್ದು ನಿಜ. ಆದರೂ ಲೆಕ್ಕ ಬಿಡಿಸಿ ನೋಡಿದರೆ, ಒಂದೇ ಸೌಲಭ್ಯಕ್ಕೆ ಎರಡು ಕಡೆ ಹಣ ಕಟ್ಟುತ್ತಿರುವುದೇ ದೊಡ್ಡ ಸೋರಿಕೆಯಾಗಿ ಕಾಣುತ್ತದೆ. ಅದನ್ನು ತಡೆಯುವ ಕ್ರಮ ಹೀಗಿದೆ.

ಮೊದಲು ವರ್ಷದ ಲೆಕ್ಕ

ತಿಂಗಳ ಲೆಕ್ಕ ಹಾಕಬೇಡಿ, ವರ್ಷದ್ದು ಹಾಕಿ. 28 ದಿನಗಳ ಪ್ಯಾಕ್ ಹಾಕಿಸುವವರು ವರ್ಷಕ್ಕೆ 12 ಸಲವಲ್ಲ, 13 ಸಲ ರೀಚಾರ್ಜ್ ಮಾಡಿಸುತ್ತಾರೆ. 300 ರೂಪಾಯಿಯ ಪ್ಯಾಕ್ ಎಂದುಕೊಂಡರೆ ಒಂದು ಫೋನಿಗೆ 3,900 ರೂಪಾಯಿ, ನಾಲ್ಕು ಫೋನಿಗೆ 15,600 ರೂಪಾಯಿ ಆಗುತ್ತದೆ. ಪ್ರತಿ ಕಂಪನಿಯೂ 30 ದಿನಗಳ ಒಂದು ಪ್ಯಾಕ್ ಮತ್ತು ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಣವಾಗುವ ಒಂದು ಪ್ಯಾಕ್ ಇಟ್ಟಿರಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2022ರಲ್ಲಿ ಆದೇಶಿಸಿದೆ. ಆ್ಯಪಿನ ಮೊದಲ ಪುಟದಲ್ಲಿ ಕಾಣದಿದ್ದರೆ ಪಟ್ಟಿಯನ್ನು ಕೊನೆಯವರೆಗೆ ನೋಡಬೇಕು. ಎರಡು ಪ್ಯಾಕ್‌ಗಳನ್ನು ಹೋಲಿಸುವಾಗ ಬೆಲೆಯನ್ನು ದಿನಗಳಿಂದ ಭಾಗಿಸಿ ನೋಡುವುದೊಂದೇ ಸರಿಯಾದ ವಿಧಾನ.

ಇದೇ ಹೊತ್ತಿನಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ಜಾಲತಾಣದಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂದು ಪರಿಶೀಲಿಸಿ. ಮರೆತೇಹೋದ ಎರಡನೆಯ ಸಿಮ್‌ಗೆ ಅಭ್ಯಾಸಬಲದಿಂದ ರೀಚಾರ್ಜ್ ಮಾಡಿಸುತ್ತಿರುವ ಮನೆಗಳು ಕಡಿಮೆಯೇನಿಲ್ಲ. ಆದರೆ ಬ್ಯಾಂಕ್ ಖಾತೆಗೋ ಆಧಾರ್‌ಗೋ ಜೋಡಿಸಿರುವ ನಂಬರನ್ನು, ಅಲ್ಲಿ ಬದಲಾಯಿಸದೆ ಬಿಟ್ಟುಬಿಡುವುದು ಅಪಾಯ.

ಮನೆಗೆ ಮುಖ್ಯ ಇಂಟರ್ನೆಟ್ ಯಾವುದು?

ಉಳಿತಾಯದ ಹೆಚ್ಚಿನ ಭಾಗ ಈ ಒಂದು ನಿರ್ಧಾರದಲ್ಲಿದೆ. ಮನೆಯಲ್ಲಿ ಫೈಬರ್ ಇದ್ದ ಮೇಲೆ, ಹಗಲೂ ರಾತ್ರಿ ಮನೆಯಲ್ಲೇ ಇರುವವರ ಫೋನಿಗೆ ದಿನಕ್ಕೆ ಒಂದೂವರೆ ಅಥವಾ ಎರಡು ಜಿಬಿ ಡೇಟಾ ಕೊಡಿಸುವುದರಲ್ಲಿ ಅರ್ಥವಿಲ್ಲ; ಅಂದಂದಿನ ಡೇಟಾ ನಡುರಾತ್ರಿಗೆ ಮುಗಿದುಹೋಗುತ್ತದೆಯೇ ಹೊರತು ಮರುದಿನಕ್ಕೆ ಉಳಿಯುವುದಿಲ್ಲ. ಡೇಟಾ ಇಲ್ಲದ, ಕರೆ ಮತ್ತು ಎಸ್ಸೆಮ್ಮೆಸ್‌ಗಳಷ್ಟೇ ಇರುವ ಪ್ಯಾಕ್‌ಗಳನ್ನು ಎಲ್ಲ ಕಂಪನಿಗಳೂ ಕೊಡಬೇಕೆಂದು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿತು, ಇಂತಹ ವಿಶೇಷ ಪ್ಯಾಕ್‌ಗಳ ಗರಿಷ್ಠ ಅವಧಿಯನ್ನು 90 ದಿನಗಳಿಂದ 365 ದಿನಗಳಿಗೆ ಏರಿಸಿತು. ಅಂತಹ ವಾರ್ಷಿಕ ಪ್ಯಾಕ್ ಸುಮಾರು 1,900 ರೂಪಾಯಿಗೆ ಸಿಕ್ಕಿತೆಂದುಕೊಂಡರೆ ಮೇಲಿನ ಲೆಕ್ಕದಲ್ಲಿ ಒಂದು ಫೋನಿನಿಂದಲೇ 2,000 ರೂಪಾಯಿ ಉಳಿಯುತ್ತದೆ. ಒಟಿಪಿ ಬರುವುದಕ್ಕೆ ಅಡ್ಡಿಯಿಲ್ಲ, ಮನೆಯೊಳಗೆ ವೈಫೈನಲ್ಲಿ ವಾಟ್ಸ್‌ಆ್ಯಪ್ ಎಂದಿನಂತೆ ನಡೆಯುತ್ತದೆ.

ಆದರೆ ಇದನ್ನು ಎಲ್ಲರಿಗೂ ಹೊಂದಿಸಲು ಹೋಗಬಾರದು. ಅಜ್ಜಿಗೆ ಒಪ್ಪುವ ಪ್ಯಾಕ್ ಮಂಡಿಪೇಟೆಗೆ ದಿನವೂ ವ್ಯಾಪಾರಕ್ಕೆ ಹೋಗುವವರಿಗೆ ಒಪ್ಪುವುದಿಲ್ಲ; ಹೊರಗೆ ಡೇಟಾ ಇಲ್ಲದಿದ್ದರೆ ಅಂಗಡಿಯ ಕ್ಯುಆರ್ ಕೋಡ್‌ಗೆ ಹಣ ಹಾಕಲಾಗದು. *99# ಒತ್ತಿ ಇಂಟರ್ನೆಟ್ ಇಲ್ಲದೆಯೂ ಯುಪಿಐ ಬಳಸಬಹುದೆಂಬುದು ನಿಜ, ಆದರೆ ಹಿಂದೆ ನಾಲ್ಕು ಜನ ಕಾಯುತ್ತಿರುವಾಗ ಆ ಮೆನುವಿನಲ್ಲಿ ಒಂದೊಂದೇ ಅಂಕಿ ಒತ್ತುವ ವ್ಯವಧಾನ ಎಲ್ಲರಿಗೂ ಇರುವುದಿಲ್ಲ.

ಇದಕ್ಕೆ ವಿರುದ್ಧವಾದ ಸ್ಥಿತಿಯೂ ಇದೆ. ಗಂಡ ಹೆಂಡತಿ ಇಬ್ಬರೇ ಇದ್ದು ಇಬ್ಬರೂ ಹಗಲು ಕೆಲಸಕ್ಕೆ ಹೋಗುವ ಮನೆಯಲ್ಲಿ, ರಾತ್ರಿ ಒಂದೆರಡು ಗಂಟೆ ನೋಡುವುದಕ್ಕೆ ಮೊಬೈಲ್ ಡೇಟಾವೇ ಸಾಕಾಗಿ ಫೈಬರ್ ಹೆಚ್ಚುವರಿಯಾಗಬಹುದು. ದಾವಣಗೆರೆಯ ಎಂಜಿನಿಯರಿಂಗ್ ಮತ್ತು ಮೆಡಿಕಲ್ ಕಾಲೇಜುಗಳ ಸುತ್ತ ರೂಮ್ ಮಾಡಿಕೊಂಡಿರುವ ವಿದ್ಯಾರ್ಥಿಗಳು ಮೂರು ನಾಲ್ಕು ಜನ ಸೇರಿ ಒಂದು ಫೈಬರ್ ಹಾಕಿಸಿಕೊಂಡರೆ ಲಾಭವಿದೆ. ಆದರೆ ರಜೆಯ ತಿಂಗಳುಗಳಲ್ಲಿ ಊರಿಗೆ ಹೋಗುವ ಅವರು ವರ್ಷದ ಹಣವನ್ನು ಒಟ್ಟಿಗೆ ಕಟ್ಟುವುದು ಬೇಡ.

ಫೈಬರ್ ಆರಿಸುವಾಗ

ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿ ಕಾಣುವ ದರಕ್ಕೆ ಶೇ 18ರಷ್ಟು ಜಿಎಸ್‌ಟಿ ಸೇರಿಸಿಯೇ ಹೋಲಿಸಬೇಕು. 499 ರೂಪಾಯಿ ಎಂಬುದು ಕೈಯಿಂದ ಹೋಗುವಾಗ 588.82 ರೂಪಾಯಿ. ಅಳವಡಿಕೆ ಶುಲ್ಕವೆಷ್ಟು, ಮೋಡೆಮ್ ನಮ್ಮದೋ ಬಾಡಿಗೆಯದೋ, ಸಂಪರ್ಕ ಬಿಟ್ಟರೆ ಠೇವಣಿ ವಾಪಸ್ಸು ಬರುತ್ತದೆಯೋ, ತಿಂಗಳಿಗೆ ಎಷ್ಟು ಜಿಬಿ ದಾಟಿದ ಮೇಲೆ ವೇಗ ಇಳಿಯುತ್ತದೆ ಎಂಬುದನ್ನು ಹಣ ಕೊಡುವ ಮೊದಲು ಕೇಳಿ, ರಸೀದಿ ಪಡೆಯಬೇಕು.

ವೇಗದ ವಿಷಯದಲ್ಲಿ ಜನ ಬೇಕಾದುದಕ್ಕಿಂತ ಹೆಚ್ಚು ಕೊಳ್ಳುತ್ತಾರೆ. ಎಚ್‌ಡಿ ವಿಡಿಯೊ ಒಂದಕ್ಕೆ ಸುಮಾರು 5 ಎಂಬಿಪಿಎಸ್ (ಇಂಟರ್ನೆಟ್ ವೇಗದ ಅಳತೆ) ಸಾಕು. ಏಕಕಾಲಕ್ಕೆ ಟಿ.ವಿ., ಒಂದು ಆನ್‌ಲೈನ್ ಪಾಠ, ಎರಡು ಫೋನ್ ನಡೆದರೂ 30ರಿಂದ 40 ಎಂಬಿಪಿಎಸ್‌ನ ಪ್ಲಾನ್ ತಡೆದುಕೊಳ್ಳುತ್ತದೆ. ನೆಟ್ ನಿಧಾನವೆಂದು ದೊಡ್ಡ ಪ್ಲಾನ್‌ಗೆ ಹೋಗುವ ಮುನ್ನ ಮೋಡೆಮ್ ಎಲ್ಲಿದೆ ನೋಡಿ. ಕೇಬಲ್ ಒಳಬರುವ ಮೂಲೆಯಲ್ಲಿ, ಕಬ್ಬಿಣದ ಬೀರುವಿನ ಹಿಂದೆ ಇಟ್ಟ ಮೋಡೆಮ್‌ನ ಸಂಕೇತ ಕೋಣೆ ದಾಟುವುದೇ ಕಷ್ಟ. ಮೋಡೆಮ್ ಪಕ್ಕದಲ್ಲೇ ನಿಂತಾಗ ವೇಗ ಸರಿಯಾಗಿದ್ದು ಒಳಕೋಣೆಯಲ್ಲಿ ಇಳಿದರೆ, ತೊಂದರೆ ಪ್ಲಾನಿನದ್ದಲ್ಲ. ಮೋಡೆಮನ್ನು ನಡುಮನೆಯಲ್ಲಿ ಎತ್ತರಕ್ಕೆ ಇಟ್ಟರೆ ಖರ್ಚಿಲ್ಲದೆ ಸರಿಹೋಗಬಹುದು.

ಆರು ತಿಂಗಳು ಅಥವಾ ವರ್ಷಕ್ಕೆ ಒಮ್ಮೆಲೇ ಕಟ್ಟಿದರೆ ರಿಯಾಯಿತಿ ಸಿಗುವುದುಂಟು. ಆದರೂ ಮೊದಲ ತಿಂಗಳು ಒಂದೇ ತಿಂಗಳ ಹಣ ಕಟ್ಟಿ, ಲೈನ್ ಕೆಟ್ಟರೆ ಎಷ್ಟು ಬೇಗ ಬಂದು ಸರಿಮಾಡುತ್ತಾರೆಂದು ನೋಡಿ ಮುಂದುವರಿಯುವುದು ಜಾಣತನ. ಕೇಬಲ್‌ನವರೇ ಇಂಟರ್ನೆಟ್ ಕೊಡುವ ಕಡೆ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಟಿ.ವಿ.ಯ ಚಾನೆಲ್ ಪಟ್ಟಿ

2019ರ ಫೆಬ್ರುವರಿಯಿಂದ ಬೇಕಾದ ಚಾನೆಲ್‌ಗಳನ್ನಷ್ಟೇ ಆರಿಸಿಕೊಳ್ಳುವ ಹಕ್ಕು ವೀಕ್ಷಕರಿಗಿದೆ. ಹೀಗಿದ್ದರೂ ಕೇಬಲ್‌ನವರು ಅಂದು ಹಾಕಿಕೊಟ್ಟ ಪ್ಯಾಕೇ ಇಂದಿಗೂ ಹಲವರ ಮನೆಯಲ್ಲಿ ನಡೆಯುತ್ತಿದೆ. ಒಂದು ವಾರ ಮನೆಯವರು ನಿಜವಾಗಿ ನೋಡಿದ ಚಾನೆಲ್‌ಗಳನ್ನು ಬರೆದಿಟ್ಟುಕೊಂಡು, ಉಳಿದವನ್ನು ತೆಗೆಸಿ. ಕನ್ನಡದ ಹಲವು ಸುದ್ದಿವಾಹಿನಿಗಳಿಗೆ ಪ್ರತ್ಯೇಕ ಶುಲ್ಕವಿಲ್ಲ. ಹಣ ಹೋಗುವುದು ಮುಖ್ಯವಾಗಿ ಧಾರಾವಾಹಿ, ಸಿನಿಮಾ ಮತ್ತು ಕ್ರೀಡಾ ವಾಹಿನಿಗಳಿಗೆ. ಒಂದೇ ಸಂಸ್ಥೆಯ ಮೂರು ನಾಲ್ಕು ಚಾನೆಲ್ ಬೇಕಾದರೆ ಅವರ ಗುಚ್ಛವೇ ಅಗ್ಗ, ಒಂದೇ ಬೇಕಾದರೆ ಬಿಡಿಯಾಗಿ ಪಡೆಯುವುದು ಲೇಸು. ಚಾನೆಲ್ ದರದ ಮೇಲೆ, ಸಂಪರ್ಕಕ್ಕೆಂದು ಪ್ರತ್ಯೇಕವಾಗಿ ಸೇರುವ ನೆಟ್‌ವರ್ಕ್ ಶುಲ್ಕದ ಮಿತಿಯನ್ನು ಟ್ರಾಯ್ 2024ರ ಜುಲೈನಲ್ಲಿ ತೆಗೆದುಹಾಕಿರುವುದರಿಂದ ಅದು ಕಂಪನಿಯಿಂದ ಕಂಪನಿಗೆ ಬೇರೆಯಾಗಿರಬಹುದು; ಕೇಳಿ ತಿಳಿಯಬೇಕು. ಅದೇ ಸಂಸ್ಥೆಯ ಒಟಿಟಿಗೆ ಈಗಾಗಲೇ ಚಂದಾ ಕಟ್ಟಿದ್ದರೆ, ಧಾರಾವಾಹಿಗೆಂದು ಟಿ.ವಿ.ಯಲ್ಲೂ ಮತ್ತೆ ಕಟ್ಟುವುದು ಬೇಕೇ ಎಂದು ಯೋಚಿಸಬಹುದು.

ಜಗಳೂರು, ಮೊಳಕಾಲ್ಮುರು ಕಡೆಯ ಹಳ್ಳಿಗಳಲ್ಲಿ, ತೋಟದ ಮನೆಗಳಲ್ಲಿ ಡಿಡಿ ಫ್ರೀ ಡಿಶ್ ಒಂದು ದಾರಿ. ಡಿಶ್ ಮತ್ತು ಬಾಕ್ಸ್‌ಗೆ ಒಮ್ಮೆ ಹಣ ಕೊಟ್ಟರೆ ಮಾಸಿಕ ಶುಲ್ಕವಿಲ್ಲ, ಚಂದನ ಬರುತ್ತದೆ. ಆದರೆ ಜನಪ್ರಿಯ ಧಾರಾವಾಹಿಗಳ ಖಾಸಗಿ ಕನ್ನಡ ವಾಹಿನಿಗಳನ್ನು ಅದರಿಂದ ನಿರೀಕ್ಷಿಸುವಂತಿಲ್ಲ.

ಕಂಪನಿ ಬದಲಾಯಿಸುವುದು, ದೂರು ಕೊಡುವುದು

ಮನೆಯೊಳಗೆ ಯಾವ ಕಂಪನಿಯ ಸಿಗ್ನಲ್ ಸರಿಯಾಗಿ ಬರುತ್ತದೆಂದು ನೆರೆಮನೆಯವರನ್ನು ಕೇಳಿಕೊಂಡ ಮೇಲೆ ಪೋರ್ಟ್ ಮಾಡಬೇಕು, ಅಂದರೆ ಅದೇ ನಂಬರ್ ಉಳಿಸಿಕೊಂಡು ಕಂಪನಿ ಬದಲಿಸಬೇಕು. ಇಂಗ್ಲಿಷ್ ಅಕ್ಷರಗಳಲ್ಲಿ ಪೋರ್ಟ್ ಎಂದು ಬರೆದು, ಜಾಗ ಬಿಟ್ಟು ನಿಮ್ಮ ಹತ್ತಂಕಿಯ ನಂಬರ್ ಸೇರಿಸಿ 1900ಕ್ಕೆ ಎಸ್ಸೆಮ್ಮೆಸ್ ಕಳುಹಿಸಿದರೆ ಒಂದು ಕೋಡ್ ಬರುತ್ತದೆ. ಅದು ನಾಲ್ಕು ದಿನ ಚಾಲ್ತಿಯಲ್ಲಿರುತ್ತದೆ; ಅಷ್ಟರೊಳಗೆ ಹೊಸ ಕಂಪನಿಯ ಮಳಿಗೆಗೆ ಹೋಗಬೇಕು. ಈಗಿನ ಕಂಪನಿಯಲ್ಲಿ ಕನಿಷ್ಠ 90 ದಿನ ಕಳೆದಿರಬೇಕು, ಮತ್ತು ಸಿಮ್ ಬದಲಿಸಿ ಏಳು ದಿನ ಆಗಿರದಿದ್ದರೆ ಕೋಡ್ ಸಿಗುವುದಿಲ್ಲ. ಹಳೆಯ ಪ್ಯಾಕಿನ ಉಳಿದ ದಿನಗಳು ಹೊಸ ಕಂಪನಿಗೆ ಬರುವುದಿಲ್ಲವಾದ್ದರಿಂದ ಅವಧಿ ಮುಗಿಯುವ ವಾರದಲ್ಲಿ ಈ ಕೆಲಸ ಮಾಡುವುದು ಒಳ್ಳೆಯದು.

ಕೇಳದೆ ಶುರುವಾದ ಕಾಲರ್ ಟ್ಯೂನ್‌ನಂತಹ ಸೇವೆಗಳನ್ನು 155223ರ ಮೂಲಕ ನಿಲ್ಲಿಸಬಹುದು. ಒಟಿಟಿಗೆ ಕೊಟ್ಟ ಆಟೊಪೇ (ಹಣ ತಾನಾಗಿಯೇ ಕಡಿತವಾಗುವ) ಅನುಮತಿಯನ್ನು ನಿಮ್ಮ ಯುಪಿಐ ಆ್ಯಪಿನಲ್ಲೇ ರದ್ದು ಮಾಡಬೇಕು. ಒಟಿಟಿ ಆ್ಯಪನ್ನು ಫೋನಿನಿಂದ ಅಳಿಸಿದ ಮಾತ್ರಕ್ಕೆ ಕಡಿತ ನಿಲ್ಲುವುದಿಲ್ಲ. ಮೊಬೈಲ್ ಕಂಪನಿ ತಪ್ಪಾಗಿ ಹಣ ಕಡಿತ ಮಾಡಿದರೆ ಅದರ ದೂರು ಸಂಖ್ಯೆ 198ಕ್ಕೆ ಕರೆಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ, ಪರಿಹಾರ ಒಪ್ಪಿಗೆಯಾಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿಯೂ ಬಗೆಹರಿಯದ ವ್ಯಾಜ್ಯವನ್ನು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಒಯ್ಯಬಹುದು. ಟೆಲಿಕಾಂ ಸೇವೆಯೂ ಅದರ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ, ಸೇವೆಗೆ ಕೊಟ್ಟ ಹಣ ಐದು ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವೂ ಇಲ್ಲ.