ರೂಸ್‌ವೆಲ್ಟ್ ಕ್ರೀಡಾಂಗಣದ ಹೋಮ್ ಪ್ಲೇಟ್ ಹುಡುಕಿದ ಬಗೆ

ನ್ಯೂಜರ್ಸಿಯ ಜರ್ಸಿ ಸಿಟಿಯಲ್ಲಿರುವ ಜರ್ನಲ್ ಸ್ಕ್ವೇರ್ ರೈಲು ನಿಲ್ದಾಣದ ಬಳಿ ಕಪ್ಪು ವರ್ಣೀಯ ಬೇಸ್‌ಬಾಲ್ ಆಟಗಾರ ಜಾಕಿ ರಾಬಿನ್‌ಸನ್ ಅವರ ಕಂಚಿನ ಪ್ರತಿಮೆಯಿದೆ. ಅಲ್ಲಿಂದ ಸ್ವಲ್ಪ ದೂರ ನಡೆದರೆ ಭಾರತೀಯ ಅಂಗಡಿಗಳ ಬೀದಿ ಸಿಗುತ್ತದೆ. ತೊಗರಿಬೇಳೆಗೂ ಕರಿಬೇವಿಗೂ ವಾರಕ್ಕೊಮ್ಮೆ ಅಲ್ಲಿಗೆ ಹೋಗುವ ನಾನು ಆರು ವರ್ಷಗಳ ಕಾಲ ಆ ಪ್ರತಿಮೆಯನ್ನು ತಲೆಯೆತ್ತಿ ನೋಡಿದವನಲ್ಲ. ಒಂದು ದಿನ ರೈಲು ತಡವಾಯಿತು. ಬ್ರೂಕ್ಲಿನ್ ತಂಡದ ಆಟಗಾರನಿಗೆ ಈ ಊರಿನಲ್ಲೇಕೆ ಪ್ರತಿಮೆ ಎಂಬ ಪ್ರಶ್ನೆ ಆಗ ಹುಟ್ಟಿತು. ಉತ್ತರ ಸುಲಭವಾಗಿಯೇ ಸಿಕ್ಕಿತು. 1946ರ ಏಪ್ರಿಲ್ 18ರಂದು ರಾಬಿನ್‌ಸನ್ ಬ್ರೂಕ್ಲಿನ್‌ನ ಕೈಕೆಳಗಿನ ತಂಡವಾದ ಮಾಂಟ್ರಿಯಲ್ ರಾಯಲ್ಸ್ ಪರವಾಗಿ ತಮ್ಮ ಮೊದಲ ಪಂದ್ಯವನ್ನು ಆಡಿದ್ದು, ಅದುವರೆಗೆ ಬಿಳಿಯರಿಗಷ್ಟೇ ಮೀಸಲಾಗಿದ್ದ ವ್ಯವಸ್ಥೆಯೊಳಗೆ ಕಾಲಿಟ್ಟದ್ದು, ಇದೇ ಊರಿನ ರೂಸ್‌ವೆಲ್ಟ್ ಕ್ರೀಡಾಂಗಣದಲ್ಲಿ. ಆದರೆ ಆ ಕ್ರೀಡಾಂಗಣವನ್ನು 1985ರಲ್ಲಿ ಕೆಡವಿದ್ದರು. ನನ್ನ ಉದ್ಯೋಗ ಡಿಜಿಟಲ್ ನಕ್ಷೆಗಳದ್ದಾದ್ದರಿಂದ, ಅವರು ಬ್ಯಾಟ್ ಹಿಡಿದು ನಿಂತ ಜಾಗ, ಅಂದರೆ ಹೋಮ್ ಪ್ಲೇಟ್, ಇಂದು ಎಲ್ಲಿದೆಯೆಂದು ಗುರುತಿಸುವ ಹಂಬಲ ಹತ್ತಿಕೊಂಡಿತು.

ಮೊದಲು ಕಾಗದಪತ್ರಗಳಿಗೆ ಹೋದೆ. ನಗರದ ಸಾರ್ವಜನಿಕ ಗ್ರಂಥಾಲಯದ ನ್ಯೂಜರ್ಸಿ ಕೊಠಡಿಯಲ್ಲಿ ಶನಿವಾರಗಳನ್ನು ಕಳೆದೆ. ಮೈಕ್ರೋಫಿಲ್ಮ್ ಯಂತ್ರದ ಮುಂದೆ ಎರಡು ಗಂಟೆ ಕುಳಿತರೆ ಕಣ್ಣು ಉರಿಯುತ್ತದೆ. ಬೇಕಾದ ಸುದ್ದಿಗಿಂತ ಪಕ್ಕದ ಮಾಂಸದಂಗಡಿಯ ಜಾಹೀರಾತೇ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಹ್ಯಾಕೆನ್‌ಸ್ಯಾಕ್ ನದಿಯು ನೂವರ್ಕ್ ಕೊಲ್ಲಿಯನ್ನು ಸೇರುವೆಡೆ, ಹಿಂದೆ ಸಣ್ಣ ವಿಮಾನ ನಿಲ್ದಾಣವಿದ್ದ ಡ್ರಾಯರ್ಸ್ ಪಾಯಿಂಟ್ ಎಂಬಲ್ಲಿ, ಆರ್ಥಿಕ ಮಹಾಕುಸಿತದ ಕಾಲದ ಸರ್ಕಾರಿ ಉದ್ಯೋಗ ಯೋಜನೆಯಡಿ ಈ ಕ್ರೀಡಾಂಗಣವನ್ನು ಕಟ್ಟಲಾಯಿತು. 1937ರಲ್ಲಿ ಅದು ತೆರೆದಾಗ ನ್ಯೂಯಾರ್ಕ್ ಜೈಂಟ್ಸ್‌ನ ಕೈಕೆಳಗಿನ ತಂಡವಾದ ಜರ್ಸಿ ಸಿಟಿ ಜೈಂಟ್ಸ್‌ಗೆ ಅದೇ ತವರು ಮೈದಾನವಾಯಿತು. ಮೈನರ್ ಲೀಗ್ ಎಂದರೆ ಹೀಗೆ ದೊಡ್ಡ ತಂಡಗಳಿಗೆ ಆಟಗಾರರನ್ನು ಪಳಗಿಸಿ ಕೊಡುವ ಕೆಳ ಹಂತದ ಲೀಗ್.

ನಾನು ಎಡವಿದ್ದು ಪ್ರೇಕ್ಷಕರ ಸಂಖ್ಯೆಯಲ್ಲಿ. ರಾಬಿನ್‌ಸನ್ ಆಡಿದ ಆ ದಿನಕ್ಕೆ 51,000ಕ್ಕೂ ಮೀರಿದ ಸಂಖ್ಯೆಯೊಂದನ್ನು ನಾನು ಹಿಂದುಮುಂದು ನೋಡದೆ ಟಿಪ್ಪಣಿಗೆ ಇಳಿಸಿದ್ದೆ. ಆಸನಗಳಿದ್ದದ್ದು ಸುಮಾರು 25,000 ಮಾತ್ರ ಎಂದು ಮತ್ತೊಂದು ಹಾಳೆಯಲ್ಲಿ ನಾನೇ ಬರೆದುಕೊಂಡಿದ್ದರೂ ಎರಡನ್ನೂ ಜೊತೆಗಿಟ್ಟು ನೋಡಿರಲಿಲ್ಲ. ಆ ದೊಡ್ಡ ಸಂಖ್ಯೆ ಮಾರಾಟವಾದ ಟಿಕೆಟುಗಳದ್ದೇ ಹೊರತು ಬಂದು ಕುಳಿತ ಜನರದ್ದಲ್ಲ. ಊರನ್ನು ದಶಕಗಳ ಕಾಲ ಹಿಡಿತದಲ್ಲಿಟ್ಟುಕೊಂಡಿದ್ದ ಮೇಯರ್ ಫ್ರ್ಯಾಂಕ್ ಹೇಗ್, ಮೊದಲ ದಿನದ ಪಂದ್ಯಕ್ಕೆ ಟಿಕೆಟು ಕೊಳ್ಳುವಂತೆ ನಗರದ ನೌಕರರ ಮೇಲೆ ಒತ್ತಡ ಹೇರುವುದನ್ನು ವಾಡಿಕೆಯನ್ನಾಗಿ ಮಾಡಿಕೊಂಡಿದ್ದರು. ಇದು ತಿಳಿದ ಮೇಲೆ ಆ ಅಂಕಿ ಬೇಸ್‌ಬಾಲಿನ ಲೆಕ್ಕಕ್ಕಿಂತ ನಗರ ರಾಜಕೀಯದ ಲೆಕ್ಕವಾಗಿ ಕಾಣತೊಡಗಿತು. ಅಂದಿನಿಂದ ಯಾವುದೇ ಅಂಕಿಯ ಪಕ್ಕದಲ್ಲಿ ಎಣಿಸಿದ್ದು ಏನನ್ನು ಎಂದು ಬರೆಯುವ ರೂಢಿ ಮಾಡಿಕೊಂಡೆ.

ಕ್ರಿಕೆಟ್ಟಿನ ಸ್ಕೋರ್ ಕಾರ್ಡ್ ಓದುತ್ತ ಬೆಳೆದ ನನಗೆ ಬೇಸ್‌ಬಾಲಿನ ಬಾಕ್ಸ್ ಸ್ಕೋರ್ ಬೇಗ ಕೈವಶವಾಯಿತು. ರಾಬಿನ್‌ಸನ್ ಐದು ಸರದಿಗಳಲ್ಲಿ ನಾಲ್ಕು ಹಿಟ್ ಗಳಿಸಿ, ನಾಲ್ಕು ಸಲ ಓಟ ಪೂರೈಸಿ, ಎರಡು ಬೇಸ್ ಕದ್ದರು, ಅಂದರೆ ಹೊಡೆತದ ನೆರವಿಲ್ಲದೆಯೇ ಓಟದ ದಾರಿಯ ಮುಂದಿನ ನಿಲುಗಡೆಗೆ ಓಡಿ ಸೇರಿದರು. ರಾಯಲ್ಸ್ 14–1ರಿಂದ ಗೆದ್ದಿತು. ಆದರೆ ಮೊದಲ ಸರದಿಯಲ್ಲಿ ಅವರು ಚೆಂಡನ್ನು ನೆಲಕ್ಕೆ ಹೊಡೆದು ಔಟಾದರು ಎಂಬುದು ಆ ಸಾಲಿನಲ್ಲಿ ಕಾಣುವುದಿಲ್ಲ. ಎರಡನೆಯ ಸರದಿಯಲ್ಲಿ ಬಂದ ಮೂರು ರನ್ನಿನ ಹೋಮ್ ರನ್ನಿನ (ಬೇಲಿಯಾಚೆಗೆ ಹೋದ ಹೊಡೆತದ) ನಂತರ, ಹೋಮ್ ಪ್ಲೇಟಿನ ಬಳಿ ಬಿಳಿಯ ಸಹ ಆಟಗಾರ ಜಾರ್ಜ್ ಶೂಬಾ ರಾಬಿನ್‌ಸನ್ ಅವರ ಕೈಕುಲುಕಿದ ಛಾಯಾಚಿತ್ರ ಪ್ರಸಿದ್ಧವಾಗಿದೆ. ನಾನು ಹುಡುಕುತ್ತಿದ್ದದ್ದು ಆ ಇಬ್ಬರ ಕಾಲಡಿಯ ನೆಲವನ್ನು.

ಅದಕ್ಕೆ 1950ರ ದಶಕದ ವೈಮಾನಿಕ ಚಿತ್ರವೊಂದನ್ನು ಇಂದಿನ ನಕ್ಷೆಯ ಮೇಲೆ ಕೂರಿಸಬೇಕಿತ್ತು. ಎರಡರಲ್ಲೂ ಕಾಣುವ ಸ್ಥಿರ ಬಿಂದುಗಳನ್ನು ಜೋಡಿಸುವುದು ಇದರ ಕ್ರಮ. ಆತುರದಲ್ಲಿ ನಾನು ಕೊಲ್ಲಿಯ ದಡವನ್ನೇ ಆಧಾರವಾಗಿ ಹಿಡಿದೆ. ಅದೃಷ್ಟಕ್ಕೆ ಅಳತೆಗೋಲು ಚಿತ್ರದೊಳಗೇ ಇತ್ತು: ಒಂದು ಬೇಸಿನಿಂದ ಇನ್ನೊಂದಕ್ಕೆ ಇರುವ ಅಂತರ ಇಂಥ ಎಲ್ಲ ಮೈದಾನಗಳಲ್ಲೂ 90 ಅಡಿ. ನನ್ನ ಜೋಡಣೆಯಲ್ಲಿ ಅದು 97 ಅಡಿ ಬಂತು. ಉಬ್ಬರ ಇಳಿತದ ನೀರು ದಿನಕ್ಕೆರಡು ಸಲ ಸರಿಸುವ ಅಂಚನ್ನು ಸ್ಥಿರವೆಂದು ನಂಬಿದ್ದು, ನಕ್ಷೆಯ ಕೆಲಸ ಮಾಡುವವನಿಗೆ ನಾಚಿಕೆಯ ಸಂಗತಿಯೇ. ಆಮೇಲೆ ಹಳೆಯ ಬಡಾವಣೆಯ ಅಡ್ಡರಸ್ತೆಗಳ ಮೂಲೆಗಳನ್ನು ಹಿಡಿದು ಮತ್ತೆ ಕೂರಿಸಿದಾಗ ಅಂತರ 91 ಅಡಿಗೆ ಇಳಿಯಿತು.

ಕ್ರೀಡಾಂಗಣದ ನಂತರದ ಕಥೆ ಹೆಚ್ಚಾಗಿ ತಂಡಗಳು ಬಂದು ಹೋದ ಕಥೆ. ಟೆಲಿವಿಷನ್ ಜನರನ್ನು ಮನೆಯಲ್ಲೇ ಕೂರಿಸತೊಡಗಿದ ಕಾಲದಲ್ಲಿ, 1950ರ ನಂತರ, ಜೈಂಟ್ಸ್‌ನ ಕಿರಿಯ ತಂಡ ಒಟ್ಟಾವಾಕ್ಕೆ ಹೋಯಿತು. ಬ್ರೂಕ್ಲಿನ್ ಡಾಡ್ಜರ್ಸ್ ತಂಡ 1956ರಲ್ಲಿ ಏಳು, 1957ರಲ್ಲಿ ಎಂಟು ತವರು ಪಂದ್ಯಗಳನ್ನು ಇಲ್ಲಿ ಆಡಿ, ಆಮೇಲೆ ಲಾಸ್ ಏಂಜಲೀಸ್ ಸೇರಿತು. 1960ರಲ್ಲಿ ಕ್ಯೂಬಾದ ಹವಾನಾ ತಂಡವನ್ನು ಋತುವಿನ ನಡುವೆಯೇ ಇಲ್ಲಿಗೆ ಸ್ಥಳಾಂತರಿಸಲಾಯಿತು. ಅದೂ 1961ರ ಆಚೆಗೆ ಉಳಿಯಲಿಲ್ಲ. 1978ರಲ್ಲಿ ಹತ್ತೊಂಬತ್ತರ ಹರೆಯದ ರಿಕಿ ಹೆಂಡರ್‌ಸನ್ ಈ ಊರಿನ ತಂಡದಲ್ಲಿ 81 ಬೇಸ್ ಕದ್ದರು. ಬೇಸ್ ಕದಿಯುವುದರಲ್ಲಿ ಮುಂದೆ ಮೇಜರ್ ಲೀಗಿನ ದಾಖಲೆಯನ್ನೇ ಬರೆದ ಆ ಹುಡುಗನ ಆಟವನ್ನು ಕಂಡ ಮೈದಾನ ಮತ್ತೆ ಏಳು ವರ್ಷ ಮಾತ್ರ ಉಳಿಯಿತು.

ಈಗ ಆ ಜಾಗದಲ್ಲಿ ಸೊಸೈಟಿ ಹಿಲ್ ಎಂಬ ವಸತಿ ಬಡಾವಣೆಯಿದೆ. ಅಲ್ಲಿ ವಾಸವಿರುವ ಪರಿಚಿತರೊಬ್ಬರ ಜೊತೆಗೆ ಭಾನುವಾರ ಬೆಳಿಗ್ಗೆ ಅಳತೆ ಪಟ್ಟಿಯನ್ನೂ ಫೋನಿನಲ್ಲಿದ್ದ ನಕ್ಷೆಯನ್ನೂ ಹಿಡಿದು ಹೋದೆ. ನನ್ನ ಲೆಕ್ಕದಲ್ಲಿ ಎಂಟು ಮೀಟರಿನಷ್ಟು ತಪ್ಪು ಸಾಧ್ಯವಿದ್ದುದರಿಂದ, ಹೋಮ್ ಪ್ಲೇಟಿಗೆ ಒಂದು ಬಿಂದುವಿನ ಬದಲು ಒಂದು ವೃತ್ತವನ್ನೇ ಎಳೆದಿದ್ದೆ. ಆ ವೃತ್ತದೊಳಗೆ ಒಂದು ಹುಲ್ಲುಹಾಸು, ಕಾಲುದಾರಿಯ ತುಂಡು ಮತ್ತು ನಿಲ್ಲಿಸಿದ್ದ ಎರಡು ಕಾರುಗಳಿದ್ದವು. ಪರಿಚಿತರು ಪಟ್ಟಿಯ ತುದಿಯನ್ನು ಹುಲ್ಲಿನ ಮೇಲೆ ಒತ್ತಿ ಹಿಡಿದರು. ನಾನು ಮೊದಲ ಬೇಸಿನ ದಿಕ್ಕಿಗೆ ಅದನ್ನು ಎಳೆಯುತ್ತ ನಡೆದೆ, ತೊಂಬತ್ತು ಅಡಿ ಮುಗಿಯುವ ಮೊದಲೇ ಯಾರದ್ದೋ ಮನೆಯ ಗೋಡೆ ಅಡ್ಡ ಬಂತು.