ಅಪೆಂಡಿಕ್ಸ್‌ನಲ್ಲಿ ಸಿಕ್ಕ ಮೂತ್ರಕೋಶದ ಮ್ಯುಟೇಶನ್

ಮೂತ್ರಕೋಶದ ಕ್ಯಾನ್ಸರ್‌ ಗಡ್ಡೆಗಳಲ್ಲಿ ಟರ್ಟ್ ಜೀನಿನ ಪ್ರೊಮೋಟರ್ (ಜೀನಿನ ಸ್ವಿಚ್ಚಿನಂಥ ಡಿಎನ್‌ಎ ಭಾಗ) ನೋಡಲು ಕೂತಾಗ ಕೆಲಸ ಸುಲಭ ಅಂದುಕೊಂಡಿದ್ದೆ. ಮುಖ್ಯವಾಗಿ ಹುಡುಕಬೇಕಾದ್ದು ಎರಡೇ ಜಾಗ: ಸಿ228ಟಿ, ಸಿ250ಟಿ, ಅಂದರೆ ಆ ಜಾಗದಲ್ಲಿ ಡಿಎನ್‌ಎಯ ಸಿ ಅಕ್ಷರ ಹೋಗಿ ಟಿ ಬಂದಿರುವ ಮ್ಯುಟೇಶನ್. ಅರ್ಧಕ್ಕಿಂತ ಹೆಚ್ಚು ಗಡ್ಡೆಗಳಲ್ಲಿ ಇವೆರಡರಲ್ಲೊಂದು ಇರುತ್ತದೆ. ಇದರಿಂದ ಕ್ರೋಮೋಸೋಮಿನ ತುದಿ ಸವೆಯದಂತೆ ಕಾಯುವ ಟೆಲೊಮರೇಸ್ ಎಂಜೈಮ್ ಮತ್ತೆ ಚಾಲೂ ಆಗಿ ಜೀವಕೋಶಕ್ಕೆ ಮುಪ್ಪೇ ಬರುವುದಿಲ್ಲ.

ನಮಗಿದ್ದದ್ದು ಹಳೇ ಮೇಣದ ಬ್ಲಾಕ್‌ಗಳು: ಆಪರೇಷನ್‌ನಲ್ಲಿ ತೆಗೆದ ತುಂಡನ್ನು ಫಾರ್ಮಾಲಿನ್‌ನಲ್ಲಿ ನೆನೆಸಿ ಮೇಣದಲ್ಲಿ ಕೂರಿಸಿಟ್ಟವು. ಪೆಥಾಲಜಿಸ್ಟ್ ಸ್ಲೈಡ್ ಮೇಲೆ ಗಡ್ಡೆಯ ಭಾಗಕ್ಕೆ ಪೆನ್ನಿನಲ್ಲಿ ಸುತ್ತು ಹಾಕಿ ಕೊಡುತ್ತಿದ್ದರು. ಅದನ್ನು ಅಡಿಗಿಟ್ಟುಕೊಂಡು, ಬಣ್ಣ ಹಾಕದ ಸ್ಲೈಡಿನಿಂದ ಅಷ್ಟನ್ನೇ ಬ್ಲೇಡಿನಲ್ಲಿ ಕೆರೆದು ಟ್ಯೂಬಿಗೆ ಇಳಿಸಬೇಕು. ಫ್ಯಾನ್ ಹಾಕುವಂತಿಲ್ಲ, ಜೋರಾಗಿ ಉಸಿರು ಬಿಟ್ಟರೂ ಚೂರು ಹಾರಿಹೋಗುತ್ತದೆ. ಆಮೇಲೆ ಕ್ಸೈಲಿನ್‌ನಲ್ಲಿ ಮೇಣ ತೆಗೆದು, ಪ್ರೋಟೀನ್ ಕರಗಿಸುವ ಪ್ರೋಟೀನೇಸ್ ಕೆ ಹಾಕಿ 56 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡುವುದು.

ಈ ಪ್ರೊಮೋಟರ್‌ನಲ್ಲಿ ಜಿ, ಸಿ ವಿಪರೀತ. ಡಿಎನ್‌ಎಯ ನಕಲು ತೆಗೆಯುವ ಮಾಮೂಲಿ ಪಿಸಿಆರ್‌ಗೆ ಜಗ್ಗಲಿಲ್ಲ. ಜಿಗೆ ಬದಲಿಯಾದ 7-ಡಿಯಾಜಾ-ಡಿಜಿಟಿಪಿ ಬೆರೆಸಿದ ಮೇಲೆ ದಾರಿಗೆ ಬಂತು. ಅದಕ್ಕೆ ಎಷ್ಟು ದಿನ ಹೋಯಿತು ಅನ್ನುವ ಕಥೆ ಬೇಡ.

ಡ್ರಾಪ್ಲೆಟ್ ಪಿಸಿಆರ್‌ನಲ್ಲಿ 20 ಮೈಕ್ರೋಲೀಟರ್ ದ್ರವ ಸುಮಾರು 20,000 ಹನಿಯಾಗಿ ಒಡೆಯುತ್ತದೆ, ಮ್ಯುಟೇಶನ್ ಇರುವ ಹನಿ ಮಿನುಗುತ್ತದೆ. ಮೊದಲ ಪ್ಲೇಟಿನಲ್ಲೇ ಕೆಲವು ಮಾದರಿ ಭರ್ಜರಿ ಪಾಸಿಟಿವ್. ಇನ್ನು ಕೆಲವದರಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ. ಗಡ್ಡೆಯ ಒಂದು ಮೂಲೆಯಲ್ಲಷ್ಟೇ ಮ್ಯುಟೇಶನ್ ಇದೆ ಎಂದು ಹುರುಪಿನಿಂದ ಮೀಟಿಂಗಿನಲ್ಲಿ ಗ್ರಾಫ್ ತೋರಿಸಿದೆ. ಹಿಂದೆ ಕೂತಿದ್ದ ಹಿರಿಯ ಟೆಕ್ನಿಷಿಯನ್ ಒಬ್ಬರು ಕೇಳಿದರು: "ಮೇಡಂ, ನಾರ್ಮಲ್ ಹಾಕಿದ್ರಾ?" ಹೋಲಿಕೆಗೆ ಕ್ಯಾನ್ಸರ್ ಇಲ್ಲದ ಮಾದರಿ ಹಾಕಿದ್ದೆ, ಆದರೆ ರಕ್ತದ ಡಿಎನ್‌ಎ. "ಬ್ಲಾಕಿಂದು?"

ಅಷ್ಟೇ ಹಳೆಯದೊಂದು ಅಪೆಂಡಿಕ್ಸ್ ಬ್ಲಾಕ್ ಹಾಕಿದೆ. ಅಲ್ಲೂ ಸಿ228ಟಿ ಹನಿಗಳು ಮಿನುಗಿದವು!

ಫಾರ್ಮಾಲಿನ್‌ನಲ್ಲಿ ಬಹಳ ಹೊತ್ತು ನೆನೆದ ಡಿಎನ್‌ಎಯಲ್ಲಿ ಸೈಟೊಸಿನ್ (ಅದೇ ಸಿ) ಕೆಟ್ಟು ಯುರಾಸಿಲ್ ಆಗುತ್ತದೆ, ಪಿಸಿಆರ್ ಅದನ್ನು ಟಿ ಅಂತ ಓದಿಕೊಳ್ಳುತ್ತದೆ. ನಾನು ಹುಡುಕುತ್ತಿದ್ದ ಎರಡೂ ಸಿ ಹೋಗಿ ಟಿ ಬರುವ ಮ್ಯುಟೇಶನ್‌ಗಳೇ. ಓದಿ ಗೊತ್ತಿದ್ದ ವಿಷಯ, ಬೇಕಾದಾಗ ನೆನಪಿಗೆ ಬರಲಿಲ್ಲ. ಪಿಸಿಆರ್‌ಗೆ ಮುಂಚೆ ಯುರಾಸಿಲ್ ಕಿತ್ತುಹಾಕುವ ಎಂಜೈಮ್, ಯುರಾಸಿಲ್ ಡಿಎನ್‌ಎ ಗ್ಲೈಕೋಸಿಲೇಸ್ ಹಾಕಿದೆ. ಅಪೆಂಡಿಕ್ಸ್ ತೆಪ್ಪಗಾಯಿತು, ನನ್ನ ಮಂಕು ಪಾಸಿಟಿವ್‌ಗಳಲ್ಲಿ ಹೆಚ್ಚಿನವೂ ಮಾಯ. ಭರ್ಜರಿಯವು ಕದಲಲಿಲ್ಲ.

ರಿಜಿಸ್ಟರ್ ತೆಗೆದು ನೋಡಿದರೆ, ಮಾಯವಾದವುಗಳಲ್ಲಿ ಹಲವು ಶನಿವಾರದ್ದೋ ಹಬ್ಬದ ರಜೆಯ ಹಿಂದಿನ ದಿನದ್ದೋ ಆಪರೇಷನ್. ಡಬ್ಬಿ ರಜೆ ಮುಗಿಯುವ ತನಕ ಫಾರ್ಮಾಲಿನ್‌ನಲ್ಲೇ ಕೂತಿತ್ತು. ಈಗ ನಮ್ಮ ಫಾರಂನಲ್ಲಿ ಎರಡು ಕಾಲಂ ಸೇರಿವೆ: ಫಾರ್ಮಾಲಿನ್‌ಗೆ ಹಾಕಿದ ಹೊತ್ತು, ತೆಗೆದ ಹೊತ್ತು. ಎರಡನೆಯದನ್ನು ಯಾರೂ ತುಂಬುವುದಿಲ್ಲ, ಫೋನ್ ಮಾಡಿಯೇ ಕೇಳಬೇಕು.