ತಿಥಿ ನೋಡಿ ಹೊರಟರೆ ಹಕ್ಕಿ ಸಿಗುತ್ತದೆ: ಅಘನಾಶಿನಿ ಅಳಿವೆಯಲ್ಲಿ ನನ್ನ ಅನುಭವ

ಕಡಲ ಹಕ್ಕಿ ನೋಡಲು ಡಿಸೆಂಬರಿನಲ್ಲೇ ಹೋಗಬೇಕು, ಏಪ್ರಿಲ್ ಬಂತೆಂದರೆ ಕರಾವಳಿಯಲ್ಲಿ ಬೆವರು ಬಿಟ್ಟು ಬೇರೇನೂ ಸಿಗುವುದಿಲ್ಲ ಎಂದು ನಮ್ಮ ಬಳಗದ ಹಿರಿಯರು ಹೇಳುತ್ತಲೇ ಬಂದಿದ್ದರು. ಕಡಲಿನ ಭರತ-ಇಳಿತ ತಿಥಿಗೆ ತಕ್ಕಂತೆ ಬರುವುದರಿಂದ ಪಂಚಾಂಗ ನೋಡಿ ದಿನ ಗೊತ್ತು ಮಾಡುತ್ತೇನೆ ಎಂದಾಗ, "ಹಕ್ಕಿ ನೋಡೋಕೂ ಮುಹೂರ್ತ ಇಡ್ತೀಯೇನಪ್ಪಾ?" ಎಂದು ನಕ್ಕವರಿದ್ದರು. ಈ ಸಲ ಚೈತ್ರ ಬಹುಳದಲ್ಲಿ, ಕುಮಟಾ ಬಳಿ ಅಘನಾಶಿನಿ ನದಿ ಕಡಲು ಸೇರುವ ಅಳಿವೆಯಲ್ಲಿ, ಉತ್ತರಕ್ಕೆ ಹೊರಡುವ ಮುನ್ನ ಮೈಯೆಲ್ಲ ಕೆಂಪೇರಿದ ಕರ್ಲ್ಯೂ ಸ್ಯಾಂಡ್‌ಪೈಪರ್ ಎಂಬ ದಂಡೆಹಕ್ಕಿಗಳು ಅರವತ್ತೋ ಎಪ್ಪತ್ತೋ ನನ್ನೆದುರು ಮೂವತ್ತು ಮೀಟರಿನೊಳಗೆ ನಿಂತಿದ್ದವು. ಚಿತ್ರ ನೋಡಿದ ಮೇಲೆ ಅದೇ ಹಿರಿಯರಲ್ಲಿ ಇಬ್ಬರು ಮುಂದಿನ ಸಲ ತಾವೂ ಬರುತ್ತೇವೆ ಎಂದಿದ್ದಾರೆ.

ಮೊದಲು ನಾನೂ ಎಲ್ಲರ ಹಾಗೆ ಸೂರ್ಯ ಹುಟ್ಟುವ ಹೊತ್ತಿಗೆ ಹೆಗಲ ಮೇಲೆ ಸ್ಕೋಪ್ (ಕಾಲುಮಣೆಯ ಮೇಲಿಡುವ ದುರ್ಬೀನು) ಹೊತ್ತು ದಂಡೆಯುದ್ದಕ್ಕೂ ನಡೆಯುತ್ತಿದ್ದೆ. ನೂರು ಹೆಜ್ಜೆ ಇಟ್ಟರೆ ಹಕ್ಕಿಗಳು ಇನ್ನೂರು ಹೆಜ್ಜೆ ಮುಂದೆ. ನೀರು ಇಳಿದಿದ್ದರಂತೂ ಕೆಸರುಬಯಲು ಎಷ್ಟು ಹರಡಿರುತ್ತದೆಂದರೆ ಪ್ಲವರ್ ಯಾವುದು, ಸ್ಟಿಂಟ್ ಯಾವುದು ಎನ್ನುವುದೇ ತಿಳಿಯದು. ಸಾವಿರದ ಎಂಟುನೂರು ಕೊಟ್ಟು, ಹಕ್ಕಿಗೆ ಕಾಣದಂತೆ ಕೂರಲು ಮರೆಬಲೆ ತರಿಸಿದೆ. ಗಾಳಿಗೆ ಅದು ಪಟಪಟ ಬಡಿದು ಇದ್ದ ಹಕ್ಕಿಯನ್ನೂ ಎಬ್ಬಿಸಿತು. ಅರ್ಧ ದಿನಕ್ಕೆ ಸಾವಿರದೈನೂರರ ಹಾಗೆ ದೋಣಿ ಗೊತ್ತು ಮಾಡಿದ್ದೂ ಆಯಿತು. ಇಳಿತಕ್ಕೆ ದೋಣಿ ಕೆಸರಿನಲ್ಲಿ ಕಚ್ಚಿಕೊಂಡು, ನೀರು ಬರುವವರೆಗೆ ಬಿಸಿಲಲ್ಲಿ ಕೂತೆವು. ಒಂದು ಹೋಂಸ್ಟೇಯವರು ಎರಡು ಸಾವಿರ ಮುಂಗಡ ಇಸಿದುಕೊಂಡು ಕೋಣೆಯನ್ನು ಬೇರೆಯವರಿಗೆ ಕೊಟ್ಟರು. ಆ ದುಡ್ಡು ಇವತ್ತಿಗೂ ಬಂದಿಲ್ಲ.

ದಾರಿ ತೋರಿಸಿದವರು ಕೆಸರಿನಲ್ಲಿ ಬಳಚು ಎಂಬ ಚಿಪ್ಪುಜೀವಿ ಹೆಕ್ಕುವ ಹೆಂಗಸರು. ಅಘನಾಶಿನಿಗೆ ಅಣೆಕಟ್ಟಿಲ್ಲ, ಅಳಿವೆಯ ಕೆಸರು ಇನ್ನೂ ಜೀವಂತ. ಸುತ್ತಲಿನ ಎಷ್ಟೋ ಮನೆಗಳ ಒಲೆ ಉರಿಯುವುದು ಇಲ್ಲಿನ ಚಿಪ್ಪಿನಿಂದ. 2024ರಲ್ಲಿ ಈ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಬುಟ್ಟಿ ಎತ್ತಿಕೊಂಡು ಹೊರಟಿದ್ದ ಒಬ್ಬ ಅಮ್ಮ ನನ್ನನ್ನು ನೋಡಿ, "ತಮಾ, ಇಂದು ತ್ರಯೋದಶಿ, ನೀರು ಹತ್ತೂಕೆ ಶುರು ಆಯ್ತು. ಹಕ್ಕಿ ಎಲ್ಲ ಈಗ ದಿಣ್ಣೆಗೆ ಬರ್ತವೆ, ನೀ ಎಂತಕೆ ತಿರುಗ್ತೆ?" ಎಂದರು. ಅವರಿಗೆ ಗಡಿಯಾರವೂ ಬೇಡ, ಕೋಷ್ಟಕವೂ ಬೇಡ. ನೀರು ಏರಿ ಕೆಸರುಬಯಲು ಮುಳುಗಿದಂತೆ ಹಕ್ಕಿಗಳು ಉಳಿದ ಎತ್ತರದ ದಿಣ್ಣೆಯಲ್ಲಿ ಒಟ್ಟಾಗಿ ನಿಲ್ಲುತ್ತವೆ ಎನ್ನುವುದು ಅವರ ಮಾತಿನ ತಿರುಳು.

ಅಂದಿನಿಂದ ಲೆಕ್ಕ ಹಾಕತೊಡಗಿದೆ. ಅಮಾವಾಸ್ಯೆ, ಹುಣ್ಣಿಮೆಗೆ ಈ ದಂಡೆಯಲ್ಲಿ ಭರತ ತುಂಬುವುದು ಹೆಚ್ಚು ಕಡಿಮೆ ಬೆಳಗಿನ ಹನ್ನೊಂದಕ್ಕೆ. ಒಂದೊಂದು ತಿಥಿ ಹಿಂದೆ ಹೋದರೆ ಮುಕ್ಕಾಲು ಗಂಟೆ ಮೊದಲು. ಹನ್ನೊಂದಕ್ಕೆ ಬಿಸಿಲಿನ ಝಳದಲ್ಲಿ ಸ್ಕೋಪಿನೊಳಗೆ ಎಲ್ಲವೂ ಕುಣಿಯುತ್ತದೆ, ಕೆಲಸಕ್ಕಿಲ್ಲ. ದಶಮಿಗೆ ಹೋದರೆ ನೀರಿಗೆ ಬಲ ಸಾಲದು, ಹಕ್ಕಿಗಳು ಚದುರಿಯೇ ಇರುತ್ತವೆ. ದ್ವಾದಶಿ, ತ್ರಯೋದಶಿ ಎರಡೇ ಸರಿ: ಒಂಬತ್ತು, ಒಂಬತ್ತೂವರೆಗೆ ನೀರು ತುಂಬುತ್ತದೆ. ಒಳಗಿನ ಗಜನಿ (ಉಪ್ಪುನೀರು ನುಗ್ಗುವ ಗದ್ದೆ) ಕಡೆ ಇನ್ನೂ ಅರ್ಧ ತಾಸು ತಡ. ತದಡಿ ಬಂದರಿನಿಂದ ದೋಣಿಯಲ್ಲಿ ಹೊಳೆ ದಾಟಿ ಏಳರೊಳಗೆ ಕೂತುಬಿಡಬೇಕು. ಆಮೇಲೆ ಏಳಬಾರದು, ಸ್ಕೋಪನ್ನು ಎತ್ತಿ ಆಚೀಚೆ ಇಡಬಾರದು.

ಇಲ್ಲಿ ಬೆಳಗ್ಗೆ ಗಾಳಿ ನೆಲದ ಕಡೆಯಿಂದ, ಅಂದರೆ ಪೂರ್ವದಿಂದ ಬೀಸುತ್ತದೆ. ಹಕ್ಕಿ ನಿಲ್ಲುವುದು ಗಾಳಿಗೆ ಮುಖ ಮಾಡಿ. ನಾವು ಪೂರ್ವಕ್ಕೆ ಬೆನ್ನು ಹಾಕಿ ಕೂತರೆ ಬಿಸಿಲು ನಮ್ಮ ಹಿಂದೆ, ಅವುಗಳ ಎದೆ ನೇರ ನಮ್ಮ ಕಡೆಗೆ. ಕೆಂಪು ನೋಡಬೇಕಾದದ್ದೇ ಎದೆಯಲ್ಲಿ! ಹತ್ತರ ಮೇಲೆ ಕಡಲಗಾಳಿ ಎದ್ದಿತೋ, ಇಡೀ ಹಿಂಡು ತಿರುಗಿ ಬಾಲ ತೋರಿಸುತ್ತದೆ. ಇಷ್ಟು ಚೆನ್ನಾಗಿ ಕೂಡಿಬರುವ ಬೆಳಗುಗಳು ಒಂದು ವಸಂತಕ್ಕೆ ಬೆರಳೆಣಿಕೆಯಷ್ಟು.

ನೋಡಲು ಒಂದೇ ಥರ ಇರುವ ಟಿಬೆಟನ್, ಗ್ರೇಟರ್ ಎಂಬ ಎರಡು ಸ್ಯಾಂಡ್ ಪ್ಲವರ್‌ಗಳ ಗೊಂದಲವೂ ಈ ಸಲದ ಆ ಬೆಳಗ್ಗೆಯೇ ಬಗೆಹರಿಯಿತು. ಹಣೆ ಪೂರ್ತಿ ಕಪ್ಪಾಗಿ, ಎದೆಪಟ್ಟಿ ಅಗಲವಾಗಿದ್ದ ಗಂಡುಗಳು ಟಿಬೆಟನ್. ಪಟ್ಟಿ ಕಿರಿದು, ಕೊಕ್ಕು ಉದ್ದ, ಕಾಲು ನೀಳ ಇದ್ದ ಮೂರು ಗ್ರೇಟರ್ ಅವುಗಳ ನಡುವೆಯೇ ನಿಂತಿದ್ದವು. ಚಳಿಗಾಲದ ಬೂದು ಗರಿಯಲ್ಲಿ ಇವನ್ನು ಬೇರ್ಪಡಿಸಲು ನಾವೆಲ್ಲ ಎಷ್ಟು ಜಗಳವಾಡಿದ್ದೇವೆ! ಹಿಂಡಿನಲ್ಲಿ ಇನ್ನೂ ಬೂದಾಗಿಯೇ ಇದ್ದವುಗಳಲ್ಲಿ ಹೆಚ್ಚಿನವು ಕಳೆದ ವರ್ಷದ ಮರಿಗಳಿರಬೇಕು. ಅಂಥವುಗಳಲ್ಲಿ ಎಷ್ಟೋ ಹಕ್ಕಿಗಳು ಉತ್ತರಕ್ಕೆ ಹೋಗದೆ ಮಳೆಗಾಲವನ್ನೂ ಇಲ್ಲೇ ಕಳೆಯುತ್ತವೆ. ಜುಲೈನಲ್ಲಿ ಹಕ್ಕಿ ಕಂಡು "ಇಷ್ಟು ಬೇಗ ಬಂದವೇ" ಎನ್ನುವವರು ಇದನ್ನು ನೆನಪಿಡಿ.

ದಿಣ್ಣೆ ಯಾವುದೆಂದು ಬರೆಯುವುದಿಲ್ಲ. ಬರೆದ ಮರುವಾರ ಡ್ರೋನ್ ಹಾರುತ್ತದೆ. ಸೈಬೀರಿಯಾದವರೆಗೆ ಹಾರಬೇಕಾದ ಹಕ್ಕಿ ಮೈಗೆ ಕೊಬ್ಬು ತುಂಬಿಕೊಳ್ಳುವ ಹೊತ್ತಿದು, ಒಂದೊಂದು ಸಲ ಎಬ್ಬಿಸಿದರೂ ಅದಕ್ಕೆ ನಷ್ಟ. ಹಿಂಡು ಯಾವ ಮಗ್ಗುಲಿಗೆ ಇಳಿಯುತ್ತದೆಂದು ಮೊದಲೇ ತಿಳಿಯುವ ಉಪಾಯ ಒಂದಿದೆ, ಸದ್ಯ ಅದು ನನ್ನಲ್ಲೇ ಇರಲಿ.

ಜೊತೆಗೆ, ರಾತ್ರಿ ಹಾರಿಹೋಗುವ ಹಕ್ಕಿಗಳ ಕೂಗು ಹಿಡಿಯಲು ಇನ್ನೊಂದು ಪ್ರಯೋಗ ನಡೆಸಿದೆ. ಒಂಬೈನೂರರ ಮೈಕನ್ನು ಹಳೆಯ ಫೋನಿಗೆ ಸಿಕ್ಕಿಸಿ, ಪ್ಲಾಸ್ಟಿಕ್ ಬಕೆಟ್‌ನೊಳಗಿಟ್ಟು, ಉಳಿದುಕೊಂಡ ಮನೆಯ ತಾರಸಿಯಲ್ಲಿ ರಾತ್ರಿಯಿಡೀ ಬಿಟ್ಟೆ. ನಾಯಿ, ಟ್ರಾಲರ್, ಅಲೆಯ ಸದ್ದಿನ ನಡುವೆ ವಿಂಬ್ರೆಲ್ ಎಂಬ ದಂಡೆಹಕ್ಕಿಯ, ಸಾಲಾಗಿ ಏಳು ಸಲ ಊದಿದಂಥ ಸೀಟಿಗಳು ಸ್ಪಷ್ಟವಾಗಿ ಸಿಕ್ಕವು, ಹೆಚ್ಚಿನವು ಕತ್ತಲಾದ ಎರಡು ತಾಸಿನೊಳಗೆ. ಬಕೆಟ್‌ಗೆ ಹಳೇ ಕಂಬಳಿ ಸುತ್ತಿದರೆ ಗಾಳಿಯ ಸದ್ದು ಅರ್ಧಕ್ಕರ್ಧ ಇಳಿಯುತ್ತದೆ.

ಖರ್ಚೆಂದರೆ ಸೆಕೆಂಡ್ ಹ್ಯಾಂಡ್ ಸ್ಕೋಪಿಗೆ ಇಪ್ಪತ್ತೆರಡು ಸಾವಿರ ಆಗಿತ್ತು, ಅದು ಒಂದೇ ಸಲದ್ದು. ಈಗ ಒಂದು ಪ್ರವಾಸ ಕುಮಟಾವರೆಗಿನ ರೈಲು, ರಿಕ್ಷಾ, ಊಟ, ಎರಡು ರಾತ್ರಿಯ ಕೋಣೆ ಸೇರಿ ಮೂರೂವರೆ ಸಾವಿರದೊಳಗೆ ಮುಗಿಯುತ್ತದೆ. ಗ್ರೇಟ್ ನಾಟ್ ಎಂಬ ದಂಡೆಹಕ್ಕಿಯನ್ನು ನೋಡುವುದು ಮಾತ್ರ ಇನ್ನೂ ಬಾಕಿ. ಮುಂದಿನ ಚೈತ್ರದ ಎರಡೂ ಪಕ್ಷಕ್ಕೆ ರಜೆ ಹಾಕುವವನಿದ್ದೇನೆ, ಅಷ್ಟರೊಳಗೆ ಟ್ರೈಪಾಡಿನ ತಲೆ ಬದಲಾಯಿಸಬೇಕು. ಈಗಿನದು ಸಣ್ಣ ಗಾಳಿಗೂ ಅಲುಗುತ್ತದೆ.